ಇಂದಿನ ಧಮ್ಮ ಚಿಂತನೆ: ಕೊಲ್ಲುವ ಅಗತ್ಯ, ಕೊಲ್ಲುವ ಇಚ್ಛೆ



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಮ್ಮ ಮನೆಗಳಲ್ಲಿ ಬಂಗುಡೆ, ಬೂತಾಯಿ ಸಾರು ಇದ್ದದ್ದೇ. "ಮೀನು ತಿನ್ನುವ ನೀವು ಎಂಥ ಬೌದ್ಧರು?" ಎಂದು ನನ್ನನ್ನು ಕೇಳಿದವರಿದ್ದಾರೆ. ತಿಮಿಂಗಿಲದ ವಿಷಯದಿಂದ ಉತ್ತರ ಹೇಳುತ್ತೇನೆ.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಅಹಿಂಸೆಯನ್ನು ನಿಯಮವೆನ್ನದೆ ತತ್ವವೆಂದು ವಿವರಿಸಿದ್ದಾರೆ. ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ.

ಎರಡನೇ ಮಹಾಯುದ್ಧದ ನಂತರ ಹಸಿದ ಜಪಾನಿನ ಶಾಲಾಮಕ್ಕಳಿಗೆ ತಿಮಿಂಗಿಲದ ಮಾಂಸ ಬಡಿಸಿದರು. ಅದು ಅಗತ್ಯ. ಆದರೆ ಎಣ್ಣೆಗಾಗಿ, ಲಾಭಕ್ಕಾಗಿ ಹಲವು ದೇಶಗಳು ಬೇಟೆಯಾಡಿ ತಿಮಿಂಗಿಲಗಳನ್ನು ಅಳಿವಿನಂಚಿಗೆ ತಂದವು. 1982ರಲ್ಲಿ ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗ ವಾಣಿಜ್ಯ ಬೇಟೆ ನಿಲ್ಲಿಸಲು ತೀರ್ಮಾನಿಸಿತು. 1986ರಿಂದ ಅದು ಜಾರಿಯಾಯಿತು. 2019ರಲ್ಲಿ ಜಪಾನ್ ಆಯೋಗವನ್ನೇ ಬಿಟ್ಟು ಮತ್ತೆ ಬೇಟೆಗಿಳಿಯಿತು. "ಇದು ನಮ್ಮ ಆಹಾರ, ನಮ್ಮ ಸಂಪ್ರದಾಯ" ಎಂಬುದು ಅವರ ವಾದ.

ತಿನ್ನುವ ಅನ್ನಕ್ಕಾಗಿ ಅವಮಾನ ಉಂಡವರು ನಾವು. ಈ ವಾದವನ್ನು ಹಗುರವಾಗಿ ತಳ್ಳಲಾರೆವು. ಆದರೆ ಸಂಪ್ರದಾಯವೆಂಬ ಒಂದೇ ಕಾರಣಕ್ಕೆ ಏನನ್ನೂ ಒಪ್ಪಬೇಡಿ ಎಂದು ಬುದ್ಧರು ಕಾಲಾಮರಿಗೆ ಬೋಧಿಸಿದರು. ಇಂದು ಅಲ್ಲಿ ಆ ಹಸಿವಿಲ್ಲ, ಆ ಮಾಂಸ ತಿನ್ನುವವರೂ ಕಡಿಮೆ.

ನಮ್ಮ ಮಂಗಳೂರಿನಲ್ಲೂ ಅಂಬರ್‌ಗ್ರೀಸ್, ಅಂದರೆ ತಿಮಿಂಗಿಲ ವಾಂತಿ ಮಾರಲು ಹೊರಟವರು ಸಿಕ್ಕಿಬಿದ್ದಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈ ಮಾರಾಟ ಅಪರಾಧ. ಸುಗಂಧದ್ರವ್ಯಕ್ಕೆ ಬಳಸುವ ಅದರಿಂದ ಯಾರ ಹಸಿವೂ ನೀಗದು. ಅಲ್ಲಿರುವುದು ಕೋಟಿಯ ಆಸೆ; ಅದು ಸಮ್ಯಕ್ ಆಜೀವವಲ್ಲ.

ಇಂದಿನ ಅಭ್ಯಾಸ: ಊಟಕ್ಕೆ ಬೇಕಾದಷ್ಟೇ ಮೀನು ಕೊಳ್ಳೋಣ. ಮರಿಮೀನು ಬೇಡವೆನ್ನೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್ 💙