ಸ್ಪ್ಯಾನರ್‌ಗಿಂತ ಮೊದಲು ಗೇಜ್

ತಮ್ಮಾ, ಸಂಡೂರಿನ ಗಣಿಯಲ್ಲಿ ಹಿಟಾಚಿ ರಿಪೇರಿ ಕೆಲಸಕ್ಕೆ ಸೇರಿದ್ದೀಯ ಅಂತ ನಿಮ್ಮಪ್ಪ ಹೇಳಿದ. ಬಹಳ ಸಂತೋಷವಾಯಿತು. ಐಟಿಐನಲ್ಲಿ ಕಲಿತದ್ದು ನಿನ್ನ ಕೈಬಿಡುವುದಿಲ್ಲ. ಆದರೆ ಕೆಟ್ಟು ನಿಂತ ಮಿಷನ್ ಮುಂದೆ ಅದನ್ನೆಲ್ಲ ನೆನಪು ಮಾಡಿಕೊಳ್ಳಲಿಕ್ಕೆ ಯಾರೂ ಪುರುಸೊತ್ತು ಕೊಡುವುದಿಲ್ಲ. ಟಿಪ್ಪರ್‌ಗಳು ಸಾಲು ಹಚ್ಚಿ ನಿಂತಿರುತ್ತವೆ, ಸೂಪರ್‌ವೈಸರ್ ಫೋನಿನಲ್ಲಿ ಕೂಗುತ್ತಿರುತ್ತಾನೆ, ‘ಪಂಪ್ ಹೋಗಿದೆ, ಇಳಿಸು’ ಎಂದು ನಾಲ್ಕು ಜನ ತೀರ್ಪು ಕೊಟ್ಟಾಗಿರುತ್ತದೆ. ಆ ಗದ್ದಲದಲ್ಲಿ ಸ್ಪ್ಯಾನರ್ ಹಿಡಿಯಬೇಡ, ಗೇಜ್ ಹಿಡಿ. ಇಡೀ ಹೈಡ್ರಾಲಿಕ್ಸ್‌ನಲ್ಲಿ ಅತಿ ದುಬಾರಿ ಸಾಮಾನುಗಳಲ್ಲಿ ಪಂಪೂ ಒಂದು. ತಪ್ಪು ಮೊದಲು ಹೊರಿಸುವುದೂ ಅದರ ಮೇಲೆಯೇ. ಏನೂ ಕೆಡದ ಪಂಪುಗಳನ್ನು ಬಿಚ್ಚಿ, ಧೂಳಿನಲ್ಲಿ ಹರವಿ, ನಿಜವಾಗಿಯೂ ಕೆಡಿಸಿದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಒಂದು ತತ್ವ ಗಟ್ಟಿ ಮಾಡಿಕೋ. ಪಂಪು ಒತ್ತಡ ಹುಟ್ಟಿಸುವುದಿಲ್ಲ, ಎಣ್ಣೆ ಹರಿಸುತ್ತದೆ. ಹರಿಯುವ ಎಣ್ಣೆಗೆ ಭಾರ ಅಡ್ಡ ನಿಂತಾಗ ಒತ್ತಡ ಏರುತ್ತದೆ. ಆಪರೇಟರ್ ‘ಪವರ್ ಇಲ್ಲ’ ಅಂದರೆ ಅದರಲ್ಲಿ ಎರಡು ಬೇರೆ ಬೇರೆ ಕಾಯಿಲೆ ಅಡಗಿರಬಹುದು. ಬೂಮ್ ಏಳುತ್ತದೆ, ಆದರೆ ನಿಧಾನ ಎಂದರೆ ಎಣ್ಣೆ ಸಾಲದು. ಖಾಲಿ ಇದ್ದಾಗ ಚುರುಕಾಗಿ ಏಳುತ್ತದೆ, ಬಕೆಟ್ ತುಂಬಿದರೆ ಏಳುವುದಿಲ್ಲ ಎಂದರೆ ಒತ್ತಡ ಸಾಲದು. ಅದಕ್ಕೇ ಆಪರೇಟರ್ ಪಕ್ಕ ಕುಳಿತು ಕೇಳು: ಎಲ್ಲ ಕೆಲಸವೂ ಮಂದವೋ, ಒಂದೇ ಕೆಲಸವೋ? ಬೆಳಿಗ್ಗೆಯಿಂದಲೇ ಹೀಗೋ, ಬಿಸಿಯಾದ ಮೇಲೋ? ಹಿಂದಿನ ದಿನ ಯಾರು ಏನು ಬಿಚ್ಚಿದ್ದರು? ಈ ಕೊನೆಯ ಪ್ರಶ್ನೆಗೆ ಉತ್ತರ ಸಿಗುವುದು ಕಷ್ಟ, ಆದರೂ ಬಿಡಬೇಡ. ದಿನವಿಡೀ ಆ ಸೀಟಿನಲ್ಲಿ ಕೂರುವವನಿಗೆ ಗೊತ್ತಿರುವುದು ಮ್ಯಾನ್ಯುಯಲ್‌ನಲ್ಲಿ ಇರುವುದಿಲ್ಲ. ಅವನನ್ನು ಗೌರವದಿಂದ ಮಾತಾಡಿಸು.

ಎಲ್ಲ ಕೆಲಸವೂ ಒಟ್ಟಿಗೆ ಮಂದವಾಗಿದ್ದರೆ ಎಲ್ಲಕ್ಕೂ ಸಾಮಾನ್ಯವಾದ ಜಾಗದಲ್ಲಿ ಹುಡುಕು. ಟ್ಯಾಂಕಿನ ಎಣ್ಣೆ ಮಟ್ಟ, ಹೀರುವ ಕಡೆಯ ಜಾಲರಿ, ಲೋಡ್ ಬಿದ್ದಾಗ ಎಂಜಿನ್ ಆರ್‌ಪಿಎಂ ಕುಸಿಯುತ್ತದೆಯೇ ಎಂಬುದು. ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿದ್ದಕ್ಕೆ ಹೈಡ್ರಾಲಿಕ್ ಪಂಪ್ ಇಳಿಸುವ ಜನರೂ ಇದ್ದಾರೆ. ಯಾವುದೂ ಅಲ್ಲಾಡದಿದ್ದರೆ ಸೀಟಿನ ಪಕ್ಕದ ಲಾಕ್ ಲಿವರ್, ಅದರ ಫ್ಯೂಸ್, ಸೊಲೆನಾಯ್ಡ್ ನೋಡಿ, ಪೈಲಟ್ ಲೈನಿಗೆ 60 ಬಾರ್ ಗೇಜ್ ಹಾಕು. ಅಲ್ಲಿ 35ರಿಂದ 40 ಬಾರ್ ಇಲ್ಲದಿದ್ದರೆ ದೊಡ್ಡ ಪಂಪು ಎಷ್ಟು ಚೆನ್ನಾಗಿದ್ದರೂ ವಾಲ್ವಿನೊಳಗಿನ ಸ್ಪೂಲ್ ಸರಿಯುವುದಿಲ್ಲ. ಮುಖ್ಯ ಲೈನಿಗೆ ಮಾತ್ರ 600 ಬಾರ್ ಗೇಜೇ ಬೇಕು. ಸಣ್ಣ ಗೇಜ್ ಅಲ್ಲಿ ಸಿಡಿಯುತ್ತದೆ. 20 ಟನ್ ಹಿಟಾಚಿಗಳಲ್ಲಿ ಮುಖ್ಯ ರಿಲೀಫ್ ವಾಲ್ವಿನ ಒತ್ತಡ ಸುಮಾರು 350 ಬಾರ್. ಆದರೆ ನಿನ್ನ ಮುಂದಿರುವ ಮಾಡೆಲ್‌ನ ಪುಸ್ತಕ ಏನು ಹೇಳುತ್ತದೋ ಅದೇ ಕೊನೆಯ ಮಾತು.

ಒಂದೇ ಕಡೆ ತೊಂದರೆ ಇದ್ದರೆ ಅದಲು ಬದಲು ಮಾಡಿ ನೋಡುವುದು ಒಳ್ಳೆಯ ದಾರಿ. ಎಡ ಚೈನ್ ಎಳೆಯುತ್ತಿಲ್ಲ ಅನ್ನು. ಸೆಂಟರ್ ಜಾಯಿಂಟಿಗೆ ಮೇಲಿನಿಂದ ಬರುವ ಎಡ-ಬಲ ಟ್ರಾವೆಲ್ ಹೋಸ್‌ಗಳನ್ನು ಅದಲು ಬದಲು ಮಾಡಿ ಕಟ್ಟು. ಕಾಯಿಲೆ ಬಲಕ್ಕೆ ಹೋದರೆ ದೋಷ ಮೇಲೆ, ವಾಲ್ವ್ ಅಥವಾ ಪಂಪಿನಲ್ಲಿ. ಎಡದಲ್ಲೇ ಉಳಿದರೆ ಜಾಯಿಂಟಿನ ಸೀಲಿನಲ್ಲಿ ಅಥವಾ ಮೋಟಾರಿನಲ್ಲಿ. ಹೊಸ ಸಾಮಾನು ಒಂದೂ ತರದೆ ಅರ್ಧ ಮಿಷನ್ ಅನುಮಾನದಿಂದ ಹೊರಗೆ ಬಂತು.

ಬೂಮ್ ತಾನಾಗಿಯೇ ಇಳಿಯುತ್ತದೆ ಎಂದರೆ ಎಲ್ಲರೂ ಜ್ಯಾಕಿನ ಸೀಲ್ ಕಿಟ್ ತರಿಸುತ್ತಾರೆ. ಕಿಟ್ ಹಾಕಿದ ಮೇಲೂ ಬೂಮ್ ಇಳಿಯುತ್ತದೆ. ಏಕೆ? ಲೆಕ್ಕ ಹಾಕಿ ನೋಡು. ಭಾರಕ್ಕೆ ರಾಡ್ ಒಳಗೆ ಹೋಗಬೇಕಾದರೆ ಪಿಸ್ಟನ್ನಿನ ಕೆಳಗಿನ ಎಣ್ಣೆ ಹೊರಬೀಳಬೇಕು. ಸೀಲ್ ಹರಿದು ಆ ಎಣ್ಣೆ ಮೇಲಿನ ಕಡೆಗೆ ದಾಟಿತು ಎನ್ನೋಣ. ಆದರೆ ಮೇಲೆ ರಾಡ್ ಜಾಗ ತಿಂದಿರುತ್ತದೆ. ಕೆಳಗಿನಿಂದ ಬಂದಷ್ಟು ಎಣ್ಣೆ ಅಲ್ಲಿ ಹಿಡಿಯುವುದಿಲ್ಲ. ಜ್ಯಾಕಿನ ಎರಡೂ ಬಾಯಿ ಭದ್ರವಾಗಿ ಮುಚ್ಚಿದ್ದರೆ ಪಿಸ್ಟನ್ ಸೀಲ್ ಒಂದೇ ಹೋದ ಕಾರಣಕ್ಕೆ ಬೂಮ್ ಕೆಳಗೆ ಬರುತ್ತಲೇ ಇರಲು ಸಾಧ್ಯವಿಲ್ಲ. ಇಳಿಯುತ್ತಲೇ ಇದ್ದರೆ ಎಣ್ಣೆ ಬೇರೆಲ್ಲೋ ಜಾರುತ್ತಿದೆ: ಹೋಲ್ಡಿಂಗ್ ವಾಲ್ವಿನಲ್ಲಿ, ಪೋರ್ಟ್ ರಿಲೀಫಿನಲ್ಲಿ, ಇಲ್ಲವೇ ಸವೆದ ಸ್ಪೂಲಿನಲ್ಲಿ. ಇದನ್ನು ಒಂದು ಸಲ ಕಾಗದದ ಮೇಲೆ ಚಿತ್ರ ಬರೆದು ನೋಡು, ಆಮೇಲೆ ಯಾರೂ ನಿನ್ನನ್ನು ದಾರಿ ತಪ್ಪಿಸಲಾರರು.

ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಮಂದವಾಗುವ ಮಿಷನ್ನಿನಲ್ಲಿ ಒಳಸೋರಿಕೆ ಇದೆ ಎಂದು ಶಂಕಿಸು. ಬಿಸಿ ಎಣ್ಣೆ ತೆಳುವಾಗಿ, ಸವೆದ ಸಂದುಗಳಲ್ಲಿ ನುಸುಳುತ್ತದೆ. ಹಾಗೆ ನುಸುಳುವಾಗ ಇನ್ನಷ್ಟು ಬಿಸಿಯಾಗುತ್ತದೆ. ಟೆಂಪರೇಚರ್ ಗನ್ ಹಿಡಿದು ವಾಲ್ವ್‌ಗಳನ್ನು ಒಂದೊಂದಾಗಿ ನೋಡು. ಅಕ್ಕಪಕ್ಕದ್ದಕ್ಕಿಂತ ಹೆಚ್ಚು ಬಿಸಿ ಇರುವುದು ಸೋರುತ್ತಿರಬಹುದು. ಅದಕ್ಕೂ ಮುಂಚೆ ಕೂಲರ್ ನೋಡು. ನಮ್ಮ ಗಣಿಯ ಕೆಂಪು ಧೂಳು ಅದರ ರೆಕ್ಕೆಗಳ ನಡುವೆ ಇಟ್ಟಿಗೆಯಂತೆ ಕಟ್ಟುತ್ತದೆ. 80 ಡಿಗ್ರಿ ದಾಟಿದ ಎಣ್ಣೆ ಸೀಲನ್ನೂ ತಿನ್ನುತ್ತದೆ, ತಾನೂ ಹಾಳಾಗುತ್ತದೆ.

ಆ ಧೂಳು ಕಬ್ಬಿಣದ ಅದಿರಿನದು, ಗಟ್ಟಿ. ಸ್ಪೂಲಿಗೂ ಅದರ ಗೂಡಿಗೂ ನಡುವಿನ ಸಂದು ಕೆಲವೇ ಮೈಕ್ರಾನ್. ಕಣ್ಣಿಗೆ ಕಾಣದ ಕಣವೇ ಅಲ್ಲಿ ಗೀರು ಹಾಕುತ್ತದೆ. ಆದ್ದರಿಂದ ಹೋಸ್ ಬಿಚ್ಚುವ ಮುಂಚೆ ಆ ಜಾಗ ತೊಳೆ, ಬಿಚ್ಚಿದ ತಕ್ಷಣ ಎರಡೂ ಬಾಯಿಗೆ ಪ್ಲಗ್ ಹಾಕು. ಬಟ್ಟೆ ತುರುಕಬೇಡ. ಸೀಲ್ ಒಡೆಯದ ಹೊಸ ಬ್ಯಾರಲ್ಲಿನ ಎಣ್ಣೆಯೂ ಸಾಕಷ್ಟು ಶುದ್ಧವಲ್ಲ, ಸೋಸಿಯೇ ಟ್ಯಾಂಕಿಗೆ ಬಿಡಬೇಕು. ಹಳೇ ಫಿಲ್ಟರನ್ನು ಎಸೆಯದೆ ಕತ್ತರಿಸಿ ಹರವಿ ನೋಡು. ಹಿತ್ತಾಳೆ ಬಣ್ಣದ ಮಿನುಗು ಪಂಪಿನದೋ ಮೋಟಾರಿನದೋ ಒಳಸವೆತ. ಕರಿ ರಬ್ಬರ್ ಚೂರು ಇದ್ದರೆ ಎಲ್ಲೋ ಸೀಲ್ ಹರಿದಿದೆ. ಪಂಪು ನಿಜವಾಗಿ ಹೋಗಿದೆಯೇ ಎಂದು ಹೇಳುವ ಸಾಕ್ಷಿ ಈ ಫಿಲ್ಟರ್. ಇದರ ಜೊತೆ ಪಂಪಿನ ಕೇಸ್ ಡ್ರೈನ್ ಪೈಪಿನಲ್ಲಿ ನಿಮಿಷಕ್ಕೆ ಎಷ್ಟು ಎಣ್ಣೆ ಬರುತ್ತದೆ ಎಂದೂ ಅಳೆ.

ನಿಲ್ಲಿಸಿದ ಮಿಷನ್ ಬಗ್ಗೆಯೂ ಹೇಳಬೇಕು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಬಳ್ಳಾರಿಯ ಗಣಿಗಾರಿಕೆ ನಿಂತಾಗ ಎಷ್ಟೋ ಹಿಟಾಚಿಗಳು ರಾಡ್ ಚಾಚಿಕೊಂಡೇ ನಿಂತವು. ಮಳೆ ಬಿಸಿಲಿಗೆ ಕ್ರೋಮಿನ ಮೇಲೆ ತುಕ್ಕಿನ ಚುಕ್ಕೆ ಎದ್ದಿತು. ಮತ್ತೆ ಚಾಲೂ ಮಾಡಿದಾಗ ಆ ಚುಕ್ಕೆಗಳೇ ಸೀಲ್‌ಗಳನ್ನು ಹರಿದವು. ಹೊರಗೆ ಉಳಿಯುವ ರಾಡಿಗೆ ಗ್ರೀಸ್ ಬಳಿ, ಆಗಾಗ ಮಿಷನ್ ಒಂದಿಷ್ಟು ಹೊತ್ತು ಓಡಿಸು.

ಈಗ ಹೇಳುವುದನ್ನು ಎದೆಗೆ ಹಚ್ಚಿಕೋ. 350 ಬಾರ್ ಎಂದರೆ ನಿನ್ನ ಉಗುರಿನಷ್ಟು ಜಾಗದ ಮೇಲೆ ಸುಮಾರು 350 ಕಿಲೋ ಭಾರ. ಹೋಸಿನ ಸೂಜಿರಂಧ್ರದಿಂದ ಬರುವ ಎಣ್ಣೆ ಕೈಗವಸು, ಚರ್ಮ ಎರಡನ್ನೂ ತೂರುತ್ತದೆ. ಸೋರಿಕೆ ಹುಡುಕಲು ಕೈ ಆಡಿಸಬೇಡ, ರಟ್ಟಿನ ತುಂಡು ಹಿಡಿ. ಅಕಸ್ಮಾತ್ ಹೊಕ್ಕರೆ ಗಾಯ ಇರುವೆ ಕಚ್ಚಿದಷ್ಟೇ ಕಾಣುತ್ತದೆ, ಮೊದಲಿಗೆ ನೋವೂ ಇರದಿರಬಹುದು. ಹಾಗೆಂದು ಮನೆಗೆ ಹೋಗಿ ಮಲಗಿದರೆ ಬೆರಳೋ ಕೈಯೋ ಹೋಗಬಹುದು. ತಕ್ಷಣ ಆಪರೇಷನ್ ಮಾಡುವ ಸರ್ಜನ್ ಇರುವ ಆಸ್ಪತ್ರೆಗೆ ಹೋಗಿ, ‘ಹೈ ಪ್ರೆಷರ್ ಎಣ್ಣೆ ಹೊಕ್ಕಿದೆ’ ಎಂದೇ ಹೇಳಬೇಕು. ಯಾವ ಪೈಪ್ ಬಿಚ್ಚುವುದಿದ್ದರೂ ಬಕೆಟ್ ನೆಲಕ್ಕೆ ಊರು, ಎಂಜಿನ್ ಆರಿಸು, ಕೀ ಆನ್ ಇಟ್ಟು ಲಿವರ್‌ಗಳನ್ನು ಎಲ್ಲ ದಿಕ್ಕಿಗೂ ಹಲವು ಸಲ ಆಡಿಸು, ಟ್ಯಾಂಕಿನ ಗಾಳಿ ಮೆಲ್ಲಗೆ ಬಿಡು. ಎಣ್ಣೆಯ ಭರವಸೆಯ ಮೇಲೆ ನಿಂತ ಬೂಮಿನ ಕೆಳಗೆ ತಲೆ ಹಾಕಬೇಡ.

ಮಾಲೀಕ ‘ರಿಲೀಫ್ ಸ್ಕ್ರೂ ಸ್ವಲ್ಪ ಬಿಗಿ ಮಾಡು’ ಅನ್ನುತ್ತಾನೆ. ಗೇಜ್ ಇಲ್ಲದೆ ಅದನ್ನು ಮುಟ್ಟಬೇಡ, ಕೆಲಸ ಹೋದರೂ ಚಿಂತೆಯಿಲ್ಲ. ಮಿತಿ ಮೀರಿದ ಒತ್ತಡಕ್ಕೆ ಹೋಸ್ ಒಡೆಯುವಾಗ ಎದುರಿಗೆ ನಿಂತಿರುವವನು ನಿನ್ನಂಥದೇ ಒಬ್ಬ ಹುಡುಗ.

ಎಲ್ಲ ನೋಡಿದ ಮೇಲೂ ಪಂಪು ಹೋಗಿದೆ ಎಂದೇ ಗೊತ್ತಾದರೆ ಧೈರ್ಯವಾಗಿ ಇಳಿಸು. ಆದರೆ ಟ್ಯಾಂಕ್, ಪೈಪ್, ಮುಖ್ಯವಾಗಿ ಕೂಲರ್ ತೊಳೆಯದೆ ಹೊಸದನ್ನು ಕೂರಿಸಬೇಡ. ಹಳೇ ಪಂಪಿನ ಲೋಹದ ಪುಡಿ ಕೂಲರಿನಲ್ಲೇ ಅವಿತಿರುತ್ತದೆ. ಕೂರಿಸಿದ ಮೇಲೆ ಪಂಪಿನ ಹೊಟ್ಟೆಗೆ ಎಣ್ಣೆ ತುಂಬಿ, ಗಾಳಿ ತೆಗೆದು, ಲಿವರ್ ಮುಟ್ಟದೆ ಸಣ್ಣ ಆರ್‌ಪಿಎಂನಲ್ಲಿ ಓಡಿಸು. ಎಣ್ಣೆ ಬಿಸಿಯಾದ ಮೇಲೆ ಒತ್ತಡ, ಕೇಸ್ ಡ್ರೈನ್, ಅವರ್ ಮೀಟರ್ ಮೂರನ್ನೂ ಆ ಮಿಷನ್ನಿನ ಹೆಸರಿನ ಪುಟದಲ್ಲಿ ಬರೆದಿಡು. ಮುಂದಿನ ಸಲ ಹೋಲಿಸಲು ಅದು ಬೇಕಾಗುತ್ತದೆ.