ದೇಶದ ಎಣ್ಣೆ ಬಾವಿಗಳು ಮತ್ತು ರೈತನ ಡೀಸೆಲ್ ಖರ್ಚು

ಹುಬ್ಬಳ್ಳಿ-ಧಾರವಾಡ ಭಾಗದ ಎರೆ ಹೊಲಗಳಲ್ಲಿ ರಂಟೆ, ಕುಂಟೆ, ಕೂರಿಗೆಗಳನ್ನು ಎತ್ತುಗಳೇ ಎಳೆಯುತ್ತಿದ್ದಾಗ ಬೇಸಾಯಕ್ಕೆ ಬೇಕಾದ ಶಕ್ತಿ ಹೊಲದ ಮೇವಿನಿಂದ ಬರುತ್ತಿತ್ತು. ಈಗ ಉಳುಮೆ, ಬಿತ್ತನೆ, ಒಕ್ಕಣೆ, ಸಾಗಣೆ ಇವುಗಳ ಬಹುಭಾಗ ಡೀಸೆಲಿನಿಂದ ನಡೆಯುತ್ತದೆ. ಆದುದರಿಂದ ದೇಶದಲ್ಲಿಯೇ ಹೆಚ್ಚು ಎಣ್ಣೆ ಬಾವಿಗಳನ್ನು ಕೊರೆಯಬೇಕೇ, ಇಲ್ಲವೇ ಎಣ್ಣೆಯ ಬಳಕೆಯನ್ನು ಕ್ರಮೇಣ ಕಡಿಮೆ ಮಾಡಬೇಕೇ ಎಂಬ ಚರ್ಚೆ ರೈತನಿಗೂ ಸಂಬಂಧಿಸಿದ್ದಾಗಿದೆ.

ಧಾರವಾಡದ ನೆಲದಲ್ಲಿ ಎಣ್ಣೆ ಏಕಿಲ್ಲ?

ಕಡಲ ತಳದಲ್ಲಿ ಮಣ್ಣಿನೊಡನೆ ಹೂತುಹೋದ ಸೂಕ್ಷ್ಮ ಜೀವಿಗಳ ಅವಶೇಷಗಳು ಲಕ್ಷಾಂತರ ವರ್ಷ ಒತ್ತಡ ಮತ್ತು ಹದವಾದ ಶಾಖಕ್ಕೆ ಸಿಕ್ಕಿ ಕಚ್ಚಾ ಎಣ್ಣೆಯಾಗುತ್ತವೆ. ಅದು ಪದರು ಪದರಾದ ಸಂಚಿತ ಶಿಲೆಗಳಲ್ಲಿ ದೊರೆಯುತ್ತದೆ. ನಮ್ಮ ಭಾಗದ ಶಿಲೆಗಳು ಬೇರೆ ಬಗೆಯವು. 19ನೆಯ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಧಾರವಾಡದ ಹೆಸರನ್ನೇ ಕೊಟ್ಟ ಈ ಶಿಲೆಗಳು 250 ಕೋಟಿ ವರ್ಷಕ್ಕೂ ಹಿಂದಿನವು; ಅತಿಯಾದ ಶಾಖ, ಒತ್ತಡಗಳಿಂದ ರೂಪಾಂತರ ಹೊಂದಿದವು. ಇವುಗಳಲ್ಲಿ ಸಂಡೂರಿನ ಕಬ್ಬಿಣದ ಅದಿರು, ಹಟ್ಟಿಯ ಚಿನ್ನ ಇವೆ, ಎಣ್ಣೆಯಿಲ್ಲ.

ಭಾರತದಲ್ಲಿ ವಾಣಿಜ್ಯ ಪ್ರಮಾಣದಲ್ಲಿ ಎಣ್ಣೆ ಮೊದಲು ದೊರೆತದ್ದು ಅಸ್ಸಾಮಿನ ದಿಗ್ಬಾಯಿಯಲ್ಲಿ, 1889ರಲ್ಲಿ. 1974ರಲ್ಲಿ ಮುಂಬಯಿ ಕಡಲಿನಲ್ಲಿಯೂ 2004ರಲ್ಲಿ ರಾಜಸ್ಥಾನದ ಬಾಡ್‌ಮೇರಿನಲ್ಲಿಯೂ ದೊಡ್ಡ ನಿಕ್ಷೇಪಗಳು ಪತ್ತೆಯಾದವು.

ಎರಡು ವಾದಗಳು

ಬಾವಿ ಕೊರೆಯಬೇಕೆನ್ನುವವರ ವಾದದಲ್ಲಿ ಹುರುಳಿದೆ. ದೇಶಕ್ಕೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಭಾಗ ಹೊರಗಿನಿಂದ ಬರುತ್ತದೆ. 1973ರಲ್ಲಿ ಅರಬ್ ರಾಷ್ಟ್ರಗಳು ಸರಬರಾಜು ತಡೆದಾಗ ಕೆಲವೇ ತಿಂಗಳಲ್ಲಿ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ದೇಶದಲ್ಲಿಯೇ ತೆಗೆದ ಪ್ರತಿ ಟನ್ ಎಣ್ಣೆಯಿಂದ ವಿದೇಶೀ ವಿನಿಮಯ ಉಳಿಯುತ್ತದೆ.

ಎಣ್ಣೆಯನ್ನು ಬಿಡಬೇಕೆನ್ನುವವರ ವಾದವೂ ಗಟ್ಟಿಯಾಗಿದೆ. ಹಳೆಯ ಬಾವಿಗಳು ಬತ್ತುತ್ತ ಬರುತ್ತವೆ. 2011-12ರಲ್ಲಿ ಸುಮಾರು 3.8 ಕೋಟಿ ಟನ್ ಇದ್ದ ದೇಶದ ಉತ್ಪಾದನೆ 2023-24ರಲ್ಲಿ ಸುಮಾರು 2.9 ಕೋಟಿ ಟನ್ನಿಗೆ ಇಳಿಯಿತು. ಹೊಸ ನಿಕ್ಷೇಪದಿಂದ ಎಣ್ಣೆ ಬರಲು ವರ್ಷಗಳು ಹಿಡಿಯುತ್ತವೆ. ಬಾಡ್‌ಮೇರಿನಲ್ಲಿ ಐದು ವರ್ಷ ಹಿಡಿಯಿತು. ಮೇಲಾಗಿ, ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಅದರಿಂದ ಭೂಮಿ ಬಿಸಿಯೇರಿ ಮಳೆಯ ಹದ ಕೆಟ್ಟರೆ ಮೊದಲು ನಷ್ಟ ತಟ್ಟುವುದು ಮಳೆಯನ್ನೇ ನಂಬಿದ ಬೇಸಾಯಕ್ಕೆ.

ಬೆಲೆಯ ಮಾತು

ಸ್ವದೇಶದ ಬಾವಿ ಬಂದರೆ ಡೀಸೆಲ್ ಅಗ್ಗವಾಗುವುದೆಂದು ಅನೇಕರು ತಿಳಿದಿದ್ದಾರೆ. ಆದರೆ ದೇಶದ ಬಾವಿಯ ಎಣ್ಣೆಗೂ ಲೋಕದ ಮಾರುಕಟ್ಟೆಯ ದರವೇ ಆಧಾರ. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ಮೇಲಿನ ಸರ್ಕಾರೀ ನಿಯಂತ್ರಣವನ್ನು ತೆಗೆಯಲಾಯಿತು. ಮಾರುಕಟ್ಟೆಯ ದರದ ಮೇಲೆ ತೆರಿಗೆಗಳೂ ಸೇರುತ್ತವೆ.

ಇನ್ನೊಂದು ಮಾತನ್ನೂ ಗಮನಿಸಬೇಕು. 2025ರಲ್ಲಿ ಪೆಟ್ರೋಲಿಗೆ ನೂರಕ್ಕೆ 20 ಭಾಗ ಎಥೆನಾಲ್ ಬೆರೆಸುವ ಗುರಿ ಮುಟ್ಟಲಾಯಿತು. ಇದರಿಂದ ಕಬ್ಬು, ಗೋವಿನಜೋಳ ಬೆಳೆಯುವವರಿಗೆ ಒಂದು ಮಾರುಕಟ್ಟೆ ದೊರೆಯಿತು. ಆದರೆ ಟ್ರ್ಯಾಕ್ಟರ್ ಓಡುವುದು ಡೀಸೆಲಿನಿಂದ. ಡೀಸೆಲಿಗೆ 2030ರ ಹೊತ್ತಿಗೆ ನೂರಕ್ಕೆ 5 ಭಾಗ ಜೈವಿಕ ಡೀಸೆಲ್ ಬೆರೆಸಬೇಕೆಂಬುದು 2018ರ ರಾಷ್ಟ್ರೀಯ ನೀತಿಯ ಗುರಿ. ಹೀಗಾಗಿ ಚರ್ಚೆ ಯಾವ ಕಡೆಗೆ ತಿರುಗಿದರೂ ಈ ಹಂಗಾಮಿನ ಡೀಸೆಲ್ ಖರ್ಚು ಅದರಿಂದ ಇಳಿಯುವುದಿಲ್ಲ. ಎಕರೆಗೆ ಎಷ್ಟು ಲೀಟರ್ ಎಂಬುದು ಮಾತ್ರ ರೈತನ ಕೈಯಲ್ಲಿದೆ.

ಡೀಸೆಲ್ ಉಳಿಸುವ ಕ್ರಮಗಳು

1. ಅಗತ್ಯವಿದ್ದಷ್ಟೇ ಉಳುಮೆ ಮಾಡಬೇಕು. ಎರೆ ಭೂಮಿಯಲ್ಲಿ ಆಳವಾದ ಉಳುಮೆ ಪ್ರತಿ ವರ್ಷ ಬೇಕಿಲ್ಲ. ಮೂರು ವರ್ಷಕ್ಕೊಮ್ಮೆ ಸಾಕು. ಮುಂಗಾರಿ ಹೆಸರು ತೆಗೆದ ಮೇಲೆ ಹಿಂಗಾರಿ ಜೋಳ, ಕಡಲೆಗೆ ಕುಂಟೆ ಹೊಡೆದು ಹದವಿರುವಾಗಲೇ ಬಿತ್ತುವುದರಿಂದ ತೇವವೂ ಉಳಿಯುತ್ತದೆ. ಎಕರೆಗೆ ಒಂದು ಸಾಲಿಗೆ 4 ಲೀಟರ್ ಎಂದಿಟ್ಟುಕೊಂಡರೆ, 10 ಎಕರೆಯಲ್ಲಿ ಎರಡು ಸಾಲು ತಪ್ಪಿಸಿದಾಗ 80 ಲೀಟರ್ ಉಳಿತಾಯ.

2. ಗಾಳಿ ಶೋಧಕವನ್ನು ಕಾಲಕಾಲಕ್ಕೆ ಸ್ವಚ್ಛಗೊಳಿಸಬೇಕು. ಕಪ್ಪು ಹೊಗೆ ಬರುತ್ತಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲವೆಂದು ತಿಳಿಯಬೇಕು.

3. ಸೋರಿಕೆಯನ್ನು ಕೂಡಲೇ ನಿಲ್ಲಿಸಬೇಕು. ಸೆಕೆಂಡಿಗೊಂದು ಹನಿ ಸೋರಿದರೂ ದಿನಕ್ಕೆ ಸುಮಾರು 4 ಲೀಟರ್ ಪೋಲಾಗುತ್ತದೆ.

4. ಕೆಲಸವಿಲ್ಲದಾಗ ಇಂಜಿನ್ ನಿಲ್ಲಿಸಬೇಕು. ಚಕ್ರ ಹೆಚ್ಚು ಜಾರುತ್ತಿದ್ದರೆ ಟೈರಿನ ಸವೆತ, ಗಾಳಿ, ಭಾರಗಳನ್ನು ಪರೀಕ್ಷಿಸಬೇಕು.

5. ಹಳ್ಳ, ಕೃಷಿ ಹೊಂಡಗಳಿಂದ ನೀರೆತ್ತುವ ಇಂಜಿನ್ನಿಗೆ ಅಗತ್ಯಕ್ಕಿಂತ ಎತ್ತರದ ಪೈಪು, ಹೆಚ್ಚು ತಿರುವುಗಳು ಇರಬಾರದು. ಅನುಕೂಲವಿದ್ದವರು 2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯ ಸೌರ ಪಂಪಿನ ವಿಷಯವನ್ನು ವಿಚಾರಿಸಬಹುದು.

ಬದುವಿನ ಮೇಲಿನ ಹೊಂಗೆ

1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಇಂಜಿನ್ನೊಂದನ್ನು ಶೇಂಗಾ ಎಣ್ಣೆಯಿಂದ ನಡೆಸಿ ತೋರಿಸಲಾಗಿತ್ತು. ತಿನ್ನುವ ಎಣ್ಣೆಯನ್ನು ಉರಿಸುವುದು ಇಂದು ಸರಿಯಲ್ಲ. ಆದರೆ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ಬೆಳೆಯುವ ಹೊಂಗೆಗೆ ಆ ತೊಡಕಿಲ್ಲ. 100 ಕಿಲೋ ಹೊಂಗೆ ಬೀಜದಿಂದ ಗಾಣದಲ್ಲಿ ಸುಮಾರು 25 ಕಿಲೋ ಎಣ್ಣೆ ಬರುತ್ತದೆ. ಈ ಎಣ್ಣೆಯನ್ನು ಹಾಗೆಯೇ ಟ್ರ್ಯಾಕ್ಟರಿಗೆ ಹಾಕಬಾರದು. ಅದು ಮಂದವಾಗಿದ್ದು ಇಂಜಿನ್ನಿನಲ್ಲಿ ಅಂಟು ಕಟ್ಟುತ್ತದೆ. ಘಟಕದಲ್ಲಿ ಸಂಸ್ಕರಿಸಿ ಜೈವಿಕ ಡೀಸೆಲ್ ಮಾಡಿದ ಮೇಲೆಯೇ ಬಳಸಬೇಕು. ಉಳಿದ ಹಿಂಡಿಯಲ್ಲಿ ನೂರಕ್ಕೆ ಸುಮಾರು 4 ಭಾಗ ಸಾರಜನಕವಿದೆ. ಯೂರಿಯಾ ತಯಾರಿಕೆಗೆ ನೈಸರ್ಗಿಕ ಅನಿಲ ಬೇಕಾಗಿರುವುದರಿಂದ, ಹಿಂಡಿ ಬಳಸಿ ಯೂರಿಯಾ ತಗ್ಗಿಸುವುದೂ ಇಂಧನದ ಉಳಿತಾಯವೇ.

ಬಾವಿ ಕೊರೆಯುವ ತೀರ್ಮಾನ ಆಗುವುದು ದಿಲ್ಲಿಯಲ್ಲಿ. ಹೊಲಕ್ಕೆ ಎಷ್ಟು ಸಾಲು ಟ್ರ್ಯಾಕ್ಟರ್ ಹೊಡೆಯಬೇಕೆಂಬ ತೀರ್ಮಾನ ರೈತನದೇ. ಪ್ರತಿ ಹಂಗಾಮಿನಲ್ಲಿ ಬೆಳೆವಾರು ಎಷ್ಟು ಲೀಟರ್ ಡೀಸೆಲ್ ಖರ್ಚಾಯಿತೆಂದು ಪುಸ್ತಕದಲ್ಲಿ ಬರೆದಿಟ್ಟು ಮುಂದಿನ ವರ್ಷದ ಲೆಕ್ಕಕ್ಕೆ ಹೋಲಿಸಿ ನೋಡಬೇಕು. ಗ್ರಾಮಗಳಿಗೆ ಭೇಟಿ ಕೊಡುವ ವಿಸ್ತರಣಾ ಕಾರ್ಯಕರ್ತರು ಬೀಜ, ಗೊಬ್ಬರದ ಲೆಕ್ಕದೊಡನೆ ಈ ಲೆಕ್ಕವನ್ನೂ ಇಡುವಂತೆ ರೈತರಿಗೆ ತಿಳಿಸುವುದು ಅವಶ್ಯ.