ಶಾಲಾ ಪತ್ರಿಕೆಯ ಪುಟ ತೆಗೆಸುವ ಅಧಿಕಾರ ಯಾರದು?

ಪ್ರಶ್ನೆ: ನನ್ನ ಮೊಮ್ಮಗಳು ಅಮೆರಿಕದಲ್ಲಿ ಹೈಸ್ಕೂಲು ಓದುತ್ತಿದ್ದಾಳೆ. ಶಾಲೆಯ ಪತ್ರಿಕೆಗೆ ಅವಳು ಬರೆದ ವರದಿಯನ್ನು ಪ್ರಿನ್ಸಿಪಾಲರು ತಡೆದರಂತೆ. ವಾಕ್ ಸ್ವಾತಂತ್ರ್ಯಕ್ಕೆ ಅಷ್ಟು ಹೆಸರಾದ ದೇಶದಲ್ಲಿ ಹೀಗೆ ಮಾಡಲು ಬರುತ್ತದೆಯೇ?

ಉತ್ತರ: ಬರುತ್ತದೆ, ಆದರೆ ಎಲ್ಲ ರಾಜ್ಯಗಳಲ್ಲೂ ಅಲ್ಲ. ಮೊಮ್ಮಗಳು ಯಾವ ರಾಜ್ಯದಲ್ಲಿದ್ದಾಳೆಂದು ನೀವು ಬರೆದಿದ್ದರೆ ಇನ್ನೂ ಖಚಿತವಾಗಿ ಹೇಳಬಹುದಿತ್ತು.

ಪ್ರಿನ್ಸಿಪಾಲರಿಗೆ ಈ ಅಧಿಕಾರವಿದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಮಿಸೌರಿಯ ಒಂದು ಶಾಲೆಯ ಪ್ರಕರಣದಲ್ಲಿ. ಸೇಂಟ್ ಲೂಯಿಸ್ ಬಳಿಯ ಹೇಜಲ್‌ವುಡ್ ಈಸ್ಟ್ ಹೈಸ್ಕೂಲಿನಲ್ಲಿ ಪತ್ರಿಕೋದ್ಯಮ ತರಗತಿಯ ಮಕ್ಕಳು 'ಸ್ಪೆಕ್ಟ್ರಮ್' ಎಂಬ ಪತ್ರಿಕೆ ತರುತ್ತಿದ್ದರು. 1983ರ ಮೇ ತಿಂಗಳಲ್ಲಿ ಅದರ ಕರಡು ಪುಟಗಳು ರೂಢಿಯಂತೆ ಪ್ರಿನ್ಸಿಪಾಲ್ ರಾಬರ್ಟ್ ರೆನಾಲ್ಡ್ಸ್ ಅವರ ಮೇಜಿಗೆ ಬಂದವು. ಒಂದು ಲೇಖನದಲ್ಲಿ ಅದೇ ಶಾಲೆಯ ಮೂವರು ಗರ್ಭಿಣಿ ವಿದ್ಯಾರ್ಥಿನಿಯರ ಅನುಭವವಿತ್ತು. ಹೆಸರು ಬದಲಿಸಿದ್ದರೂ ಗುರುತು ಸಿಕ್ಕೀತು ಎಂಬ ಅಳುಕು ಪ್ರಿನ್ಸಿಪಾಲರದು. ಸಂತಾನ ನಿಯಂತ್ರಣದ ಮಾತು ಚಿಕ್ಕ ತರಗತಿಯವರಿಗೆ ಸಲ್ಲದು ಎಂದೂ ಅನ್ನಿಸಿತು. ಇನ್ನೊಂದು ಲೇಖನ ತಂದೆತಾಯಿಯ ವಿಚ್ಛೇದನದ್ದು. ಅದರಲ್ಲಿ ಒಬ್ಬ ಹುಡುಗಿ ಹೆಸರು ಹಾಕಿಯೇ ತಂದೆಯನ್ನು ದೂರಿದ್ದಳು. ತಂದೆಯ ಕಡೆಯ ಮಾತನ್ನು ಯಾರೂ ಕೇಳಿರಲಿಲ್ಲ.

ಈ ಆಕ್ಷೇಪಗಳು ಹುರುಳಿಲ್ಲದವಲ್ಲ. ಅನುಭವಿ ಸಂಪಾದಕರಾದರೂ ಇವನ್ನೇ ಎತ್ತುತ್ತಿದ್ದರು. ಆದರೆ ಅವರು ವರದಿಗಾರರನ್ನು ಕರೆದು ಕೂರಿಸಿಕೊಂಡು, ಆ ತಂದೆಗೊಂದು ಫೋನ್ ಮಾಡಿ ಬಾ ಎನ್ನುತ್ತಿದ್ದರು. ರೆನಾಲ್ಡ್ಸ್ ಮಕ್ಕಳಿಗೆ ಒಂದು ಮಾತೂ ಹೇಳಲಿಲ್ಲ. ಅಚ್ಚಿಗೆ ಹೋಗುವ ಹೊತ್ತು, ತಿದ್ದಲು ಸಮಯವಿಲ್ಲವೆಂದು ಎರಡು ಪುಟಗಳನ್ನೇ ತೆಗೆಸಿಬಿಟ್ಟರು. ಆಕ್ಷೇಪ ಇದ್ದದ್ದು ಎರಡು ಬರಹಗಳಿಗೆ, ಹೋದದ್ದು ಆರು. ನನಗೆ ಹೆಚ್ಚು ಬೇಸರವಾಗುವುದು ಇನ್ನೊಂದು ಸಂಗತಿಗೆ: ಆ ಹುಡುಗಿಯ ಹೆಸರನ್ನು ಅಂತಿಮ ಪ್ರತಿಯಿಂದ ಪತ್ರಿಕೆ ನೋಡಿಕೊಳ್ಳುತ್ತಿದ್ದ ಮೇಷ್ಟ್ರು ಆಗಲೇ ತೆಗೆದುಹಾಕಿದ್ದರು. ಪ್ರಿನ್ಸಿಪಾಲರಿಗೆ ಅದು ಗೊತ್ತೇ ಇರಲಿಲ್ಲ.

ಕ್ಯಾಥಿ ಕುಲ್ಮಯರ್ ಮತ್ತು ಇನ್ನಿಬ್ಬರು ವಿದ್ಯಾರ್ಥಿನಿಯರು ಕೋರ್ಟಿಗೆ ಹೋದರು. ಅವರ ಬೆನ್ನಿಗೆ 1969ರ ಟಿಂಕರ್ ತೀರ್ಪು ಇತ್ತು. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಬಂದ ಮಕ್ಕಳನ್ನು ಅಯೋವಾದ ಶಾಲೆಗಳು ಅಮಾನತು ಮಾಡಿದಾಗ, ಪಾಠಪ್ರವಚನಕ್ಕೆ ಗಣನೀಯ ಅಡ್ಡಿಯಾಗದ ಹೊರತು ಅವರ ಅಭಿವ್ಯಕ್ತಿಯನ್ನು ತಡೆಯುವಂತಿಲ್ಲ ಎಂದಿತ್ತು ಸುಪ್ರೀಂ ಕೋರ್ಟ್. 1988ರ ಜನವರಿಯಲ್ಲಿ ಅದೇ ಕೋರ್ಟು 5–3ರ ಬಹುಮತದಿಂದ ಶಾಲೆಯ ಪರ ನಿಂತಿತು. ತೋಳಿನ ಪಟ್ಟಿ ಮಗುವಿನ ಸ್ವಂತ ಮಾತು. 'ಸ್ಪೆಕ್ಟ್ರಮ್' ಪಠ್ಯಕ್ರಮದ ಭಾಗ, ಶಾಲೆಯ ಹೆಸರು ಹೊತ್ತದ್ದು. ಬೋಧನೆಗೆ ಸಂಬಂಧಿಸಿದ ಸಕಾರಣವಿದ್ದರೆ ಶಾಲೆ ಅದರ ಮೇಲೆ ಹಿಡಿತ ಇಟ್ಟುಕೊಳ್ಳಬಹುದು, ಇದು ಬಹುಮತದ ವಾದ. ದುಡ್ಡೂ ಹೆಚ್ಚಾಗಿ ಶಾಲೆಯ ಕಡೆಯದೇ ಆಗಿತ್ತು: ಪುಟಗಳನ್ನು ತೆಗೆಸಿದ ಶಾಲಾ ವರ್ಷದಲ್ಲಿ ಮುದ್ರಣಕ್ಕೆ ಸುಮಾರು 4,670 ಡಾಲರ್ ಖರ್ಚಾಗಿದ್ದರೆ ಮಾರಾಟದಿಂದ ಬಂದದ್ದು 1,170ರಷ್ಟು. ಉಳಿದದ್ದನ್ನು ಶಿಕ್ಷಣ ಮಂಡಳಿ ಭರಿಸಿತ್ತು. ಆದರೆ ಆ ಮಂಡಳಿಯ ದುಡ್ಡು ಸಾರ್ವಜನಿಕರದ್ದೇ. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಬ್ರೆನನ್, ಪುಟಗಳನ್ನು ತೆಗೆಸಿದ್ದು ಶಾಲೆ ಮಕ್ಕಳಿಗೆ ಕಲಿಸಬೇಕಾದ ಪೌರನೀತಿಗೆ ತದ್ವಿರುದ್ಧ ಎಂದರು. ನಾನು ಅವರ ಪಕ್ಷ.

ಆದರೆ ಸಂವಿಧಾನ ಕೊಡುವುದಕ್ಕಿಂತ ಹೆಚ್ಚಿನ ರಕ್ಷಣೆಯನ್ನು ರಾಜ್ಯಗಳು ಕೊಡಬಹುದು. ಕ್ಯಾಲಿಫೋರ್ನಿಯಾ 1977ರಲ್ಲೇ ಕೊಟ್ಟಿತ್ತು. ತೀರ್ಪಿನ ಬಳಿಕ ಮ್ಯಾಸಚೂಸೆಟ್ಸ್, ಅಯೋವಾ, ಕಾನ್ಸಾಸ್ ಕಾನೂನು ತಂದವು. 2015ರಲ್ಲಿ ನಾರ್ತ್ ಡಕೋಟ ತಂದ 'ನ್ಯೂ ವಾಯ್ಸಸ್' ಕಾಯಿದೆಯ ಮಾದರಿಯಲ್ಲಿ ಇನ್ನೂ ಹಲವು ರಾಜ್ಯಗಳು ಸೇರಿಕೊಂಡವು. ಇಲ್ಲೆಲ್ಲ ಸಾಮಾನ್ಯವಾಗಿ ಮಾನಹಾನಿ, ಅಶ್ಲೀಲತೆ, ಖಾಸಗಿತನದ ಉಲ್ಲಂಘನೆ, ಶಾಲೆಯಲ್ಲಿ ಗಲಭೆ ಎಬ್ಬಿಸುವಂಥ ಬರಹ ಮುಂತಾದವನ್ನು ಬಿಟ್ಟರೆ, ಏನು ಅಚ್ಚಾಗಬೇಕೆಂಬ ತೀರ್ಮಾನ ವಿದ್ಯಾರ್ಥಿ ಸಂಪಾದಕರದೇ.

ಇಂಥ ಕಾನೂನಿನಿಂದ ಏನು ಲಾಭ ಎನ್ನುವವರು ಕಾನ್ಸಾಸಿನ ಪಿಟ್ಸ್‌ಬರ್ಗ್ ಊರನ್ನು ನೋಡಬೇಕು. 2017ರಲ್ಲಿ ಅಲ್ಲಿನ ಹೈಸ್ಕೂಲಿಗೆ ಹೊಸ ಪ್ರಿನ್ಸಿಪಾಲರ ನೇಮಕವಾಯಿತು. ಪರಿಚಯ ಲೇಖನ ಬರೆಯಲು ಹೊರಟ 'ಬೂಸ್ಟರ್ ರಿಡಕ್ಸ್' ಪತ್ರಿಕೆಯ ಮಕ್ಕಳು, ಅವರು ಪದವಿ ಪಡೆದೆನೆಂದ ವಿಶ್ವವಿದ್ಯಾಲಯದ ಬೆನ್ನುಹತ್ತಿದರು. ಅದಕ್ಕೆ ಮಾನ್ಯತೆಯೇ ಇದ್ದಂತಿರಲಿಲ್ಲ. ವರದಿ ಪ್ರಕಟವಾದ ಕೆಲವೇ ದಿನಗಳಲ್ಲಿ ಅವರು ರಾಜೀನಾಮೆ ಕೊಟ್ಟರು. ನೇಮಕಾತಿಯಲ್ಲಿ ದೊಡ್ಡವರ ಕಣ್ಣಿಗೆ ಬೀಳದ್ದನ್ನು ಹುಡುಗರು ಹುಡುಕಿದ್ದರು. ತಡೆಯುವ ಅಧಿಕಾರ ಶಾಲೆಯ ಕೈಯಲ್ಲೇ ಇದ್ದಿದ್ದರೆ ಆ ವರದಿ ಹೊರಬರುತ್ತಿತ್ತೇ?

ಇನ್ನು ನಿಮ್ಮ ಮೊಮ್ಮಗಳ ವಿಷಯ. ಅವಳದು ಖಾಸಗಿ ಶಾಲೆಯಾದರೆ ಈ ಸಾಂವಿಧಾನಿಕ ರಕ್ಷಣೆ ಅನ್ವಯಿಸುವುದಿಲ್ಲ. ಸರ್ಕಾರಿ ಶಾಲೆಯಾದರೆ, ತಡೆದದ್ದಕ್ಕೆ ಕಾರಣವೇನೆಂದು ಪ್ರಿನ್ಸಿಪಾಲರನ್ನು ವಿನಯದಿಂದ, ಲಿಖಿತವಾಗಿ ಕೇಳಲಿ. ತಿದ್ದಬಹುದಾದ ತಪ್ಪಿದ್ದರೆ ತಿದ್ದಿ ಮತ್ತೆ ಕೊಡಲಿ. ಆಮೇಲೂ ಒಪ್ಪದಿದ್ದರೆ, 1974ರಿಂದ ಇಂಥ ವಿದ್ಯಾರ್ಥಿ ಪತ್ರಕರ್ತರಿಗೆಂದೇ ಕೆಲಸ ಮಾಡುತ್ತಿರುವ ಸ್ಟೂಡೆಂಟ್ ಪ್ರೆಸ್ ಲಾ ಸೆಂಟರ್ ಉಚಿತವಾಗಿ ಕಾನೂನು ಸಲಹೆ ಕೊಡುತ್ತದೆ. ವರದಿಯ ಪ್ರತಿ, ಟಿಪ್ಪಣಿ, ಪ್ರಿನ್ಸಿಪಾಲರ ಉತ್ತರ, ಎಲ್ಲವನ್ನೂ ಜೋಪಾನವಾಗಿ ಇಟ್ಟುಕೊಂಡಿರಲು ಅವಳಿಗೆ ಹೇಳಿ.